ಹಾರ್ನ್ ಹಾಕದೆ ಬಂದ ಮೀನಿನ ಸ್ಕೂಟರ್

ಬೆಕ್ಕು ಗೇಟಿನ ಕಡೆ ಓಡಿದ್ದು ನೋಡಿ ಆಶ್ಚರ್ಯವಾಯಿತು. ಮೀನಿನ ಹಾರ್ನ್ ಕೇಳಿಸಿರಲಿಲ್ಲ. ಹೋಗಿ ನೋಡಿದರೆ ಮೀನು ಮಾರುವ ಹಮೀದಾಕ ಸ್ಕೂಟರಿನ ಪಕ್ಕ ಸುಮ್ಮನೆ ನಿಂತಿದ್ದರು. ಮಾಣಿ ಪೇಟೆಯ ಕಡೆಯಿಂದ ಅವರು ಪೋಂ ಪೋಂ ಎಂದು ಬರುವಾಗ ನಮ್ಮ ರಸ್ತೆಯ ಬೆಕ್ಕುಗಳೆಲ್ಲ ಎದ್ದು ಕೂರುತ್ತಿದ್ದವು. ನಾನು ಮದುವೆಯಾಗಿ ಬಂದಂದಿನಿಂದ ಕೇಳುತ್ತಿದ್ದ ಸದ್ದು ಅದು. ಬಂಟ್ವಾಳದ ಕಡೆ ಕೋಮು ಗಲಾಟೆಯಲ್ಲಿ ಜೀವಹಾನಿಯಾಗಿ ಹೇರಿದ್ದ ನಿಷೇಧಾಜ್ಞೆ ಮುಗಿದ ಮೇಲೆ ಅವರು ಬಂದದ್ದು ಅಂದೇ ಮೊದಲು.

“ಹಾರ್ನ್ ಹಾಳಾಗಿದೆಯಾ?” ಎಂದೆ.

“ಹಾರ್ನ್ ಸರಿ ಉಂಟು ಅಕ್ಕ. ಹಾಕುದು ಬೇಡ ಅಂತ ಮನೆಯಲ್ಲಿ ಹೇಳಿದ್ದಾರೆ. ನಾನು ಎಲ್ಲಿದ್ದೇನೆ ಅಂತ ಎಲ್ಲರಿಗೂ ಗೊತ್ತಾಗುದು ಬೇಡಂತೆ.”

ಬಂಗುಡೆ ತೂಗಿ ನನ್ನ ಪಾತ್ರೆಗೆ ಹಾಕಿದರು. ಯಾವತ್ತಿನಂತೆ ಬೆಕ್ಕಿಗೊಂದು ಬೂತಾಯಿ ಎಸೆದರು. ಸ್ಕೂಟರ್ ಹತ್ತಿದವರು ಮಾತ್ರ ಹೊರಡಲಿಲ್ಲ. ನನ್ನ ಮುಖ ನೋಡದೆ ಕೇಳಿದರು: “ನಾನು ಆ ತಿರುವು ದಾಟುವವರೆಗೆ ಸ್ವಲ್ಪ ಇಲ್ಲಿಯೇ ನಿಲ್ತೀರಾ?”

ಬಸ್ಸು ತಪ್ಪಿದ ನನ್ನ ಮಕ್ಕಳನ್ನು ಎಷ್ಟೋ ಸಲ ಇದೇ ಸ್ಕೂಟರಿನಲ್ಲಿ ಕೂರಿಸಿ ಶಾಲೆಗೆ ಬಿಟ್ಟವರು. ಮಕ್ಕಳಿಗೆ ಮೀನಿನ ವಾಸನೆ ಹಿಡಿಯಿತೆಂದು ನಾನು ಬೈದದ್ದೂ ಉಂಟು. ‘ಹೆದರಬೇಡಿ, ಇದು ನಮ್ಮದೇ ಊರಲ್ಲವಾ’ ಎನ್ನಬೇಕೆಂದಿದ್ದೆ. ಪಾತ್ರೆ ಹಿಡಿದುಕೊಂಡು ಗೇಟಿನ ಹೊರಗೆ ನಿಂತೆ.

ಈಗ ಅವರು ಬಂದಾಗಲೆಲ್ಲ ನಿಲ್ಲುತ್ತೇನೆ. ಆದರೆ ನಾನು ಎಷ್ಟು ಹೊತ್ತು ನಿಂತರೂ ನಮ್ಮ ಗೇಟಿನಿಂದ ಕಾಣುವುದು ಆ ತಿರುವಿನವರೆಗೆ ಮಾತ್ರ.