ಶ್ರಾವಣಕ್ಕೆ ಹೆದರುತ್ತಿದ್ದ ಮೇಷ್ಟ್ರು

ನಮ್ಮ ಪಿ.ಡಿ. ಮೇಷ್ಟ್ರ ಬಲಮಂಡಿ ಪೂರ್ತಿ ಮಡಚಿಕೊಳ್ಳುತ್ತಿರಲಿಲ್ಲ. ಊಟಕ್ಕೆ ಕೂತರೆ ಆ ಕಾಲು ಎಲೆಯ ಪಕ್ಕದಲ್ಲಿ ನೆಟ್ಟಗೆ ಚಾಚಿಕೊಂಡಿರುತ್ತಿತ್ತು. ಬಡಿಸುವವರು ಅದನ್ನು ದಾಟಬಾರದೆಂದು ಸುತ್ತಿಕೊಂಡು ಬರುತ್ತಿದ್ದರು. ಹರೆಯದಲ್ಲಿ ಫುಟ್‌ಬಾಲ್ ಆಡುವಾಗ ತಿರುಚಿಕೊಂಡದ್ದಂತೆ. ಬೆಳಿಗ್ಗೆ, ಸಂಜೆ ಅದಕ್ಕೆ ನೋವಿನ ಮುಲಾಮು ತಿಕ್ಕುತ್ತಿದ್ದರು. ಕಾಲೇಜಿನ ಮೂಲೆ ತಿರುಗಿ ಮೊದಲು ಆ ವಾಸನೆ ಬರುತ್ತಿತ್ತು, ಅದರ ಹಿಂದೆ ಮೇಷ್ಟ್ರು ಬರುತ್ತಿದ್ದರು.

ಅವರು ಕನಕಪುರದ ಒಂದು ಕಾಲೇಜಿನಲ್ಲಿ ಆಟ ಕಲಿಸುತ್ತಿದ್ದರು. ಊರು ಮಾಗಡಿ ಕಡೆ, ರಾಗಿ, ಅವರೆ ಬೆಳೆಯುವ ಹಳ್ಳಿ. ಹುಡುಗಿಯರ ಫುಟ್‌ಬಾಲ್ ಅಂದರೆ ಜನ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದ ಕಾಲದಲ್ಲಿ ಅವರಿಗೆ ಒಂದು ಹುಡುಗಿಯರ ಟೀಮು ಕಟ್ಟುವ ಹುಚ್ಚು. ಪಿಯುಸಿ ಫಲಿತಾಂಶ ಬಂದದ್ದೇ ತಡ, ಹಳೇ ಮೊಪೆಡ್ ಹತ್ತಿ ಚನ್ನಪಟ್ಟಣ, ಮಾಗಡಿ, ಮರಳವಾಡಿ ಎಂದು ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ಚೆಂಡು ಒದ್ದ ಹುಡುಗಿ ಎಲ್ಲಿ ಸಿಗಬೇಕು? ಅದಕ್ಕೆ ಅವರು ಆಟ ನೋಡುತ್ತಲೇ ಇರಲಿಲ್ಲ. ಬಸ್ಸಿಗೆ ಓಡುವವಳನ್ನು ನೋಡುತ್ತಿದ್ದರು, ಹಗ್ಗ ಕಿತ್ತುಕೊಂಡ ಹಸುವಿಗೆ ಅಡ್ಡ ನಿಲ್ಲುವವಳನ್ನು ನೋಡುತ್ತಿದ್ದರು.

ನಾನು ಸಿಕ್ಕಿದ್ದೂ ಹಾಗೆಯೇ. ನಮ್ಮದು ಮರಳವಾಡಿ ಹತ್ತಿರದ ಹಳ್ಳಿ, ರೇಷ್ಮೆ ಹುಳು ಸಾಕುವ ಮನೆ. ಪಿಯುಸಿ ಮುಗಿಸಿ ಮನೆಯಲ್ಲಿದ್ದೆ; ಮುಂದೆ ಓದಿಸುವ ಮಾತು ಯಾರ ಬಾಯಲ್ಲೂ ಇರಲಿಲ್ಲ. ಒಂದು ದಿನ ಅಪ್ಪ ಗಾಡಿಯ ಮೇಲಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆಗಳನ್ನು ಎಸೆಯುತ್ತಿದ್ದರು, ನಾನು ಕೆಳಗೆ ನಿಂತು ಹಿಡಿದು ಪಕ್ಕಕ್ಕೆ ಇಡುತ್ತಿದ್ದೆ. ಯಾರದೋ ಮನೆಗೆಂದು ಹೊರಟಿದ್ದ ಮೇಷ್ಟ್ರು ಗೇಟಿನ ಹತ್ತಿರ ಮೊಪೆಡ್ ನಿಲ್ಲಿಸಿ, ಕೊನೆಯ ಹೊರೆಯವರೆಗೂ ನೋಡಿದರು.

"ಹಿಂದಕ್ಕೆ ಒಂದು ಹೆಜ್ಜೆನೂ ಇಡಲ್ವಲ್ಲವ್ವ ನೀನು. ಭಯ ಆಗಾಕಿಲ್ವಾ?"

"ಹಿಂದಕ್ಕೋದ್ರೆ ಸೊಪ್ಪು ಮಣ್ಣಾಯ್ತದೆ ಸಾರ್," ಎಂದೆ.

ಅವರು ಅಪ್ಪನ ಕಡೆ ತಿರುಗಿದರು. "ಯಜಮಾನ್ರೇ, ಈ ಹುಡುಗೀನ ನಂಗೆ ಕೊಡಿ. ಆಟದ ಕೋಟಾದಲ್ಲಿ ಡಿಗ್ರಿ ಸೀಟು ಕೊಡುಸ್ತೀನಿ. ದೀಪ ಹಚ್ಚೋ ಹೊತ್ತಿಗೆ ಮನೇಲಿರ್ತಾಳೆ, ಅದು ನನ್ನ ಜವಾಬ್ದಾರಿ."

ಅಪ್ಪ ಓದದವರು. ಮೇಷ್ಟ್ರೊಬ್ಬರು ಮನೆ ಬಾಗಿಲಿಗೆ ಬಂದು ಕೇಳಿದ್ದೇ ಅವರಿಗೆ ದೊಡ್ಡದಾಗಿತ್ತು. ಅವ್ವ ಮಾತ್ರ ಒಳಗಿನಿಂದ, "ಇವತ್ತು ಚೆಂಡು ಒದೀಲಿ, ನಾಳೆ ನಮ್ಮನ್ನ ಒದೀಲಿ," ಎಂದಳು. ಆದರೂ ಆ ವರ್ಷ ನಾನು ಕಾಲೇಜು ಸೇರಿದೆ, ಗೋಲ್ ಕಾಯುವವಳಾದೆ.

ಪಂದ್ಯಗಳ ಕಾಲ ಶುರುವಾಗುವ ಮುಂಚೆ ಮೇಷ್ಟ್ರು ನಮ್ಮನ್ನೆಲ್ಲ ಆಟದ ಕೋಣೆಯ ಮೆಟ್ಟಿಲ ಮೇಲೆ ಕೂರಿಸಿ, ಟೀ, ಬನ್ನು ಕೊಡಿಸಿ, ಆ ವರ್ಷದ ಟೀಮು ಹೇಗಿದೆ ಎಂದು ಹೇಳುವ ರೂಢಿ ಇತ್ತು. ಹೊಗಳುತ್ತಿರಲಿಲ್ಲ, ಮುಚ್ಚಿಡುತ್ತಲೂ ಇರಲಿಲ್ಲ. "ಗೋಲು ಭದ್ರವಾಗೈತೆ. ಡಿಫೆನ್ಸು ಪರ್ವಾಗಿಲ್ಲ. ನಡುವೆ ಒಸಿ ಸಡಿಲ. ಮುಂದಿರೋರಿಗೆ ಓಟ ಐತೆ, ಬ್ರೇಕ್ ಇಲ್ಲ." ಬ್ರೇಕ್ ಇಲ್ಲದವಳು ಚನ್ನಪಟ್ಟಣದ ನನ್ನ ಗೆಳತಿ. ಬೊಂಬೆ ಕಡೆಯುವವರ ಮನೆಯ ಮುಸ್ಲಿಂ ಹುಡುಗಿ, ನಮ್ಮ ಕ್ಯಾಪ್ಟನ್. ಅವಳು ಬನ್ನು ಅಗಿಯುತ್ತಲೇ, "ಹಂಗಾದ್ರೆ ಗೆಲ್ತೀವಾ ಸಾರ್?" ಎಂದು ಕೇಳಿದಳು.

"ಶ್ರಾವಣ ಮುಗೀಲಿ, ಹೇಳ್ತೀನಿ. ಎದುರು ಟೀಮಿನ ಭಯ ನಂಗಿಲ್ಲ. ಶ್ರಾವಣದ ಭಯ."

ನಾವು ನಕ್ಕೆವು. ಅವರು ನಗಲಿಲ್ಲ. ಆಷಾಢ ಕಳೆದ ಕೂಡಲೇ ಮದುವೆಗಳು ಶುರುವಾಗುತ್ತಿದ್ದವು; ವರ್ಷವೆಲ್ಲ ತಿದ್ದಿ ನಿಲ್ಲಿಸಿದ ಹುಡುಗಿ ಒಂದು ಸೋಮವಾರ ಬರುತ್ತಲೇ ಇರಲಿಲ್ಲ. ಅವಳ ಜಾಗಕ್ಕೆ ಮತ್ತೊಬ್ಬಳನ್ನು ಹುಡುಕಿಕೊಂಡು ಅವರ ಮೊಪೆಡ್ ಹೊರಡುತ್ತಿತ್ತು. ಆದರೆ ಅದಕ್ಕೆ ಮೊದಲು ಅವಳ ಮದುವೆಗೆ ಹೋಗಿ, ಕಾಲು ಚಾಚಿ ಊಟ ಮಾಡಿ, "ಓದೋದ ಬುಡಬೇಡ ಕಣವ್ವ" ಎಂದು ಹೇಳಿಯೇ ಬರುತ್ತಿದ್ದರು.

ಎರಡನೇ ವರ್ಷ ಆಷಾಢದಲ್ಲಿ ನನಗೂ ಒಂದು ಸಂಬಂಧ ಬಂತು. ಸುದ್ದಿ ಕಿವಿಗೆ ಬಿದ್ದು ಮೇಷ್ಟ್ರು ಮನೆಗೆ ಬಂದರು. ಅವ್ವ, ನಾನು, ಅಪ್ಪ ಮೂವರೂ ಆಗ ಹುಳು ಮನೆಯಲ್ಲಿದ್ದೆವು. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಗೂಡು ಕಟ್ಟುವುದಕ್ಕೆ ಮುಂಚಿನ ಹಸಿವಿನಲ್ಲಿ ಹಗಲೂ ಇರುಳೂ ತಿನ್ನುತ್ತಿದ್ದವು. ಒಳಗೆ ನಿಂತರೆ ಸಣ್ಣ ಮಳೆ ಹುಯ್ದ ಹಾಗೆ ಸದ್ದು. ಆ ದಿನಗಳಲ್ಲಿ ಹೊರಗಿನವರನ್ನು ಹುಳು ಮನೆಗೆ ಬಿಡುವುದಿಲ್ಲ. ಬೀಡಿ, ಎಣ್ಣೆ ಒಗ್ಗರಣೆ, ಊದುಬತ್ತಿ, ಯಾವ ಘಾಟೂ ಹುಳುವಿಗೆ ಆಗದು. ನಾವು ಸೋಪು ಕೂಡ ಮುಟ್ಟುತ್ತಿರಲಿಲ್ಲ. ರಾಗಿ ಸೀಮೆಯ ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಬಾಗಿಲಿಗೆ ಬಂದ ಮೇಷ್ಟ್ರನ್ನು ಅಲ್ಲೇ ನಿಲ್ಲಿ ಅನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ. "ಬನ್ನಿ ಸಾ, ಬನ್ನಿ," ಎಂದುಬಿಟ್ಟರು.

ಮೇಷ್ಟ್ರು ಬಂದು ಹುಳುವಿನ ತಟ್ಟೆಗಳ ಸಾಲಿನ ಪಕ್ಕದಲ್ಲೇ ಕಾಲು ಚಾಚಿ ಕೂತರು. ಇನ್ನೆರಡು ವರ್ಷ ಮದುವೆ ಮುಂದಕ್ಕೆ ಹಾಕಿ, ಡಿಗ್ರಿ ಒಂದಾಗಲಿ ಎಂದು ತುಂಬಾ ಹೊತ್ತು ಸಮಾಧಾನವಾಗಿ ಹೇಳಿದರು. ಮಾತಿನ ನಡುವೆ ಅಭ್ಯಾಸಬಲದಿಂದ ಮಂಡಿ ಉಜ್ಜಿಕೊಳ್ಳುತ್ತಿದ್ದರು. ಅವ್ವ ಅವರ ಮಂಡಿಯನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಹುಳುಗಳು ತಲೆ ಎತ್ತಿಕೊಂಡು ಸುಮ್ಮನಿದ್ದವು. ಸೊಪ್ಪು ಹಾಕಿದ್ದು ಹಾಗೇ ಬಾಡಿತು. ಆಮೇಲೆ ಒಂದೊಂದೇ ತಟ್ಟೆಯ ಸತ್ತ ಹುಳು ಗೊಬ್ಬರದ ಗುಂಡಿಗೆ ಹೋಯಿತು.

"ಸೊಪ್ಪಲ್ಲಿ ನೀರಿತ್ತು ಅನ್ಸುತ್ತೆ," ಎಂದರು ಅಪ್ಪ.

"ಸೊಪ್ಪಲ್ಲಲ್ಲ. ಕೇಡು ಆ ಮೇಷ್ಟ್ರ ಮಂಡೀಲಿತ್ತು," ಎಂದಳು ಅವ್ವ. "ಇವಳು ಕಾಲೇಜಿಗೋಗಿದ್ದು ಸಾಕು. ಶ್ರಾವಣದಲ್ಲಿ ಮದುವೆ ಮಾಡ್ಬುಡಾನ."

ನಿಜಕ್ಕೂ ಅದು ಮುಲಾಮಿನಿಂದ ಆದದ್ದೋ, ರೋಗವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವ್ವ ತೀರ್ಮಾನಿಸಿ ಆಗಿತ್ತು. ನನ್ನ ಬಸ್ ಪಾಸನ್ನು ಅಕ್ಕಿ ಡಬ್ಬದ ಕೆಳಗಿಟ್ಟಳು. ನಾನು ಕಾಲೇಜಿಗೆ ಬಾರದ್ದನ್ನು ಕಂಡು ಚನ್ನಪಟ್ಟಣದ ಗೆಳತಿ ಹುಡುಕಿಕೊಂಡು ಬಂದಳು. ಕೊಟ್ಟಿಗೆಯ ಹಿಂದೆ ನಿಂತು ಎಲ್ಲ ಹೇಳಿದೆ. ಅವಳು ಹೋಗಿ ಮೇಷ್ಟ್ರಿಗೆ ಹೇಳಿದಳು.

ಎರಡು ದಿನ ಬಿಟ್ಟು ಮೊಪೆಡ್ಡಿನ ಸದ್ದು ಕೇಳಿತು. ಮೇಷ್ಟ್ರು ಗೇಟಿನ ಆಚೆಯೇ ನಿಂತಿದ್ದರು. ಅಪ್ಪ ಕರೆದರೂ ಒಳಗೆ ಬರಲಿಲ್ಲ.

"ಅಕ್ಕಾ," ಎಂದು ಅವ್ವನನ್ನು ಕರೆದರು. "ತಪ್ಪು ನಂದು. ಕೇಳ್ದಲೆ ಒಳಕ್ಕೆ ಬಂದೋನು ನಾನು. ಮಗೀನ ಓದು ಯಾಕೆ ನಿಲ್ಲಿಸ್ತೀರಿ?"

ಅವ್ವ ಒಳಗೆ ಹೋದಳು. ಅವರು ಮೊಪೆಡ್ ಹತ್ತಿ ಹೊರಟರು. ಮುಂದಿನ ವಾರ ಮತ್ತೆ ಬಂದರು, ಅದರ ಮುಂದಿನ ವಾರವೂ. ಗೇಟಿನ ಈಚೆಗೆ ಒಂದು ಸಲವೂ ಕಾಲಿಡಲಿಲ್ಲ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಹೊಸ ಹುಳು ಕಟ್ಟಿದ್ದೆವು. ವಿಶ್ವವಿದ್ಯಾಲಯದ ಪಂದ್ಯಗಳು ಬೆಂಗಳೂರಿನಲ್ಲಿ ನಡೆಯುವ ದಿನಗಳೂ, ಹುಳು ನಾಲ್ಕನೇ ಜ್ವರ ಏಳುವ ದಿನಗಳೂ ಒಟ್ಟಿಗೇ ಬಂದವು. ಆ ದಿನಗಳಲ್ಲಿ ಸೊಪ್ಪಿಗೆ ಮನೆಯ ಒಂದು ಕೈ ಕಡಿಮೆಯಾದರೂ ನಡೆಯದು.

"ಅಕ್ಕಾ, ಇವಳು ಹೋಗಿ ಆಡ್ಕೊಂಡು ಬರ್ಲಿ," ಎಂದರು ಮೇಷ್ಟ್ರು ಗೇಟಿನಾಚೆಯಿಂದ. "ಇವಳ ಬದಲು ನಾನು ಸೊಪ್ಪು ಕುಯ್ತೀನಿ."

ಅವ್ವ ಮೊದಲ ಸಲ ಅವರನ್ನು ನೇರವಾಗಿ ನೋಡಿದಳು. "ನೀವಿಲ್ಲದೆ ಟೀಮು?"

"ಇಂಗ್ಲಿಷ್ ಮೇಡಂ ಜೊತೇಲಿ ಹೋಯ್ತಾರೆ. ಟೀಮ್ ಕಟ್ಟೋದು ನನ್ನ ಕೆಲಸ, ಕಟ್ಟಿವ್ನಿ. ಆಡೋದು ಅವ್ರ ಕೆಲಸ."

ಅವ್ವ ಗೇಟಿನವರೆಗೂ ಹೋಗಿ ಗಾಳಿಯನ್ನು ಮೂಸಿದಳು. ಏನೂ ವಾಸನೆ ಇರಲಿಲ್ಲ.

"ಮುಲಾಮು ಬುಟ್ಬುಟ್ಟೆ ಕಣಕ್ಕ."

"ನೋವು?"

"ಅದು ಇರ್ತದೆ."

ಟೀಮಿನ ಜೊತೆ ನಾನೂ ಬೆಂಗಳೂರಿಗೆ ಹೋದೆ. ಇತ್ತ ಮನೆಯಲ್ಲಿ ಏನು ನಡೆಯಿತೆಂದು ಆಮೇಲೆ ಅಪ್ಪ ಹೇಳಿದ್ದು. ಮೇಷ್ಟ್ರು ಬೆಳಕು ಹರಿಯುವ ಮುಂಚೆ ಬಂದು, ಬಗ್ಗಲಾರದ ಕಾಲನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾ ಸಾಲು ಸಾಲು ಸೊಪ್ಪು ಕುಯ್ದರಂತೆ. ಹೊರೆ ಕಟ್ಟಿ ತಂದು ಗೇಟಿನ ಹತ್ತಿರ ಇಳಿಸುತ್ತಿದ್ದರು. ಅಲ್ಲಿಂದ ಅವ್ವ ಒಳಗೆ ಒಯ್ಯುತ್ತಿದ್ದಳು. ಎರಡನೇ ದಿನ ಮಧ್ಯಾಹ್ನ ಹೊಂಗೆ ಮರದ ಕೆಳಗೆ ಅವರು ಬರಿಗೈಯಲ್ಲಿ ಮಂಡಿ ಒತ್ತಿಕೊಳ್ಳುತ್ತಾ ಕಣ್ಣು ಮುಚ್ಚಿ ಕೂತಿದ್ದರಂತೆ. ಅವ್ವ ಮುದ್ದೆ, ಬಸ್ಸಾರು ತಂದು ಎದುರಿಗಿಟ್ಟು, "ತಣ್ಣಗಾಯ್ತದೆ, ಉಣ್ಣಿ," ಎಂದಳಂತೆ. ಸ್ವಲ್ಪ ಬಿಟ್ಟು ಒಂದು ಚೊಂಬು ಬಿಸಿನೀರು, ಒಂದು ಹಳೇ ಬಟ್ಟೆ ತಂದಿಟ್ಟಳಂತೆ, ಕಾಲಿಗೆ ಶಾಖ ಕೊಟ್ಟುಕೊಳ್ಳಲು.

ಆ ವರ್ಷ ನಮ್ಮ ಟೀಮು ಮೊದಲ ಸಲ ಫೈನಲ್‌ವರೆಗೂ ಹೋಯಿತು, ಫೈನಲ್ಲಿನಲ್ಲಿ ಸೋತಿತು. ಬಸ್ಸಿಳಿದು ನಾನೂ ಗೆಳತಿಯೂ ನೇರ ಊರಿಗೆ ಬಂದಾಗ ಮೇಷ್ಟ್ರು ಮೋರಿಕಟ್ಟೆಯ ಮೇಲೆ ಕೂತಿದ್ದರು. ಸೊಪ್ಪಿನ ಹಾಲು ಅಂಟಿ ಅಂಗೈ ಕಪ್ಪಾಗಿತ್ತು. ಗೆಳತಿ ತಲೆ ತಗ್ಗಿಸಿ, "ಸೋತ್ಬುಟ್ವಿ ಸಾರ್," ಎಂದಳು.

"ಸೋತಿದ್ದು ಆಮೇಲೆ ಹೇಳುವಂತೆ. ಮೊದಲ್ನೇ ಮ್ಯಾಚಿಂದ ಹೇಳು."

ನಾವು ಒಬ್ಬರ ಮಾತಿಗೆ ಒಬ್ಬರು ಅಡ್ಡ ಬರುತ್ತಾ ಹೇಳಿದೆವು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾವು ನಿಲ್ಲಿಸಿದಾಗಲೆಲ್ಲ "ಆಮೇಲೆ?" ಎನ್ನುತ್ತಿದ್ದರು. ತಾವು ಮನೆ ಮನೆ ತಿರುಗಿ ಕೂಡಿಸಿದ ಟೀಮಿನ ಅತಿ ಒಳ್ಳೆಯ ಆಟವನ್ನು ಅವರು ನೋಡಿದ್ದು ಅಷ್ಟೇ, ನಮ್ಮ ಬಾಯಲ್ಲಿ.

ಮಾರನೆಯ ಬೆಳಿಗ್ಗೆ ನಾನು ಎದ್ದಾಗ ನನ್ನ ಊಟದ ಡಬ್ಬಿ ಕಟ್ಟಿ ಇಟ್ಟಿತ್ತು. ಪಾಸು ಅದರ ಮೇಲಿತ್ತು. "ಬಸ್ ಹೊತ್ತಾಯ್ತು," ಎಂದಳು ಅವ್ವ, ನನ್ನ ಕಡೆ ನೋಡದೆ. ಬಂದಿದ್ದ ಸಂಬಂಧದವರಿಗೆ ಅವಳೇ ಹೇಳಿ ಕಳಿಸಿದ್ದಳು, ಹುಡುಗಿ ಓದುತ್ತಾಳೆ ಎಂದು.

ಡಿಗ್ರಿ ಮುಗಿಸಿದೆ. ಈಗ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಮಕ್ಕಳ ಫೀಸು, ಅಪ್ಪನ ಕೊನೆಗಾಲದ ಆಸ್ಪತ್ರೆ, ಎಲ್ಲವೂ ಈ ಕೆಲಸದಿಂದಲೇ ನಡೆಯಿತು. ಮೇಷ್ಟ್ರು ನಿವೃತ್ತರಾಗಿ ಮಾಗಡಿಯ ಕಡೆ ಹೋದ ಮೇಲೆ ವರ್ಷಕ್ಕೊಮ್ಮೆ ನೋಡಿಕೊಂಡು ಬರುತ್ತಿದ್ದೆ. ಹುಳು ಮನೆಯ ವಿಷಯ ಎತ್ತಿದರೆ ಮಾತು ಬದಲಿಸುತ್ತಿದ್ದರು. "ನಿಮ್ಮವ್ವನ ಕೈ ಬಸ್ಸಾರು ಚೆನ್ನಾಗಿತ್ತು ಕಣವ್ವ," ಎನ್ನುತ್ತಿದ್ದರು.

ಹೋದ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಚನ್ನಪಟ್ಟಣದ ಗೆಳತಿ ಫೋನ್ ಮಾಡಿದಳು. "ಮೇಷ್ಟ್ರು ಹೋಗ್ಬುಟ್ರು ಕಣೆ," ಎಂದಳು. ಅವ್ವ ಈಗ ನನ್ನ ಜೊತೆಯಲ್ಲೇ ಇದ್ದಾಳೆ, ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹೋಗಿ ಹೇಳಿದೆ. ಅವಳು ಕಾಯಿ ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು, ಬಚ್ಚಲಿಗೆ ಹೋದಳು. ನೀರು ಬೀಳುವ ಸದ್ದು ಕೇಳಿತು. ಹೋಗಿ ನೋಡಿದರೆ ಉಟ್ಟ ಸೀರೆಯಲ್ಲೇ ಕೂತು ತಣ್ಣೀರನ್ನು ತಲೆಗೆ ಹುಯ್ದುಕೊಳ್ಳುತ್ತಿದ್ದಳು. ಸಾವಿನ ಸುದ್ದಿಗೆ ಹಾಗೆ ತಲೆಗೆ ನೀರು ಹಾಕಿಕೊಳ್ಳುವುದು ನಮ್ಮಲ್ಲಿ ಒಡಹುಟ್ಟಿದವರಿಗೆ, ರಕ್ತಸಂಬಂಧಿಗಳಿಗೆ ಮಾತ್ರ.

ನಾನು ಬಾಗಿಲಲ್ಲೇ ನಿಂತಿದ್ದೆ. ಅವ್ವ ಚೊಂಬನ್ನು ನನ್ನ ಕಡೆ ಚಾಚಿ, "ನೀನೂ ಹುಯ್ಕೋ ಬಾ," ಎಂದಳು.