ಕರಡಿಗೆಯಲ್ಲಿ ಸುಣ್ಣ

ತುಕ್ಕಾನಟ್ಟಿಯ ಪರಪ್ಪನಿಗೆ ದೇವರ ಮೇಲೆ ಸಿಟ್ಟೇನೂ ಇರಲಿಲ್ಲ. ಇಲ್ಲದವನ ಮೇಲೆ ಯಾರು ಸಿಟ್ಟು ಮಾಡುತ್ತಾರೆ? ಪ್ಲೇಗಿನ ವರ್ಷ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ, ಪೂಜಾರಿ ಗುಡಿಯ ದ್ಯಾಮವ್ವನನ್ನೂ ಕಂಬಳಿಯಲ್ಲಿ ಸುತ್ತಿಕೊಂಡು ಬಂದಿದ್ದ. ಆಗಿನ್ನೂ ಮೀಸೆ ಮೂಡುತ್ತಿದ್ದ ಪರಪ್ಪ, ದೇವಿಗೂ ಪ್ಲೇಗ್ ಬರುತ್ತದೇನು ಎಂದು ಕೇಳಿಬಿಟ್ಟ. ಪೂಜಾರಿ ಉತ್ತರ ಕೊಡಲಿಲ್ಲ, ಅಪ್ಪ ಕಪಾಳಕ್ಕೆ ಕೊಟ್ಟ. ಉತ್ತರ ಇದ್ದಿದ್ದರೆ ಏಟು ಯಾಕೆ ಬೀಳುತ್ತಿತ್ತು ಎಂದು ಹುಡುಗ ಲೆಕ್ಕ ಹಾಕಿದ. ಅವನ ನಾಸ್ತಿಕತನ ಶುರುವಾದದ್ದು ಹೀಗೆ, ಕೆನ್ನೆಯಿಂದ.

ಮದುವೆಯಾದ ಮೇಲೂ ಈ ಚಟ ಬಿಡಲಿಲ್ಲ. ಒಂದು ದಿನ ಕೊರಳಿನ ಇಷ್ಟಲಿಂಗ ತೆಗೆದು ಹೆಂಡತಿ ಕಾಶೆವ್ವನ ಕೈಗಿಟ್ಟ. ಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನು ಮಾತ್ರ ತಾನೇ ಇಟ್ಟುಕೊಂಡು, ಅದರಲ್ಲಿ ತಂಬಾಕಿಗೆ ಬೇಕಾದ ಸುಣ್ಣ ತುಂಬಿದ. ಮುಚ್ಚಳ ಗಟ್ಟಿ, ಸುಣ್ಣ ಒಣಗುವುದಿಲ್ಲ ಎಂದು ಕಂಡಕಂಡವರಿಗೆ ತೋರಿಸಿದ. ಊರು ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಕೊಣ್ಣೂರಿನ ಬೀಗರು ಇನ್ನು ಅವನ ಪಂಕ್ತಿಯಲ್ಲಿ ಉಣ್ಣುವುದಿಲ್ಲ ಎಂದರು. ಕಾಶೆವ್ವ ಮಾತ್ರ ಜಗಳ ತೆಗೆಯಲಿಲ್ಲ. ಗಂಡನ ಲಿಂಗವನ್ನು ಅರಿವೆಯಲ್ಲಿ ಕಟ್ಟಿ ತನ್ನದರ ಜೊತೆ ಕೊರಳಿಗೆ ಹಾಕಿಕೊಂಡಳು. ದಿನಾ ಬೆಳಿಗ್ಗೆ ಎರಡಕ್ಕೂ ಪೂಜೆ ಮಾಡಿ ಆಮೇಲೆ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಹೀಗಾಗಿ ಪರಪ್ಪ ತನ್ನ ಲಿಂಗದ ಪೂಜೆ ಮುಗಿಯುವುದನ್ನೇ ದಿನವೂ ಹಸಿದುಕೊಂಡು ಕಾಯುವಂತಾಯಿತು. ಅಷ್ಟು ನಿಷ್ಠೆಯ ಭಕ್ತ ಊರಿನಲ್ಲಿ ಇನ್ನೊಬ್ಬನಿರಲಿಲ್ಲ.

ವಾದಕ್ಕೆ ಜೊತೆ ಎಂದರೆ ಕಿರಾಣಿ ಅಂಗಡಿಯ ಆದಿನಾಥ, ಜೈನರವನು. ಜಗತ್ತನ್ನು ಯಾರೂ ಮಾಡಿಲ್ಲ, ಅದು ಮೊದಲಿನಿಂದಲೂ ಇದ್ದೇ ಇದೆ ಎಂದು ಅವನು ಒಮ್ಮೆ ಬೆಲ್ಲ ತೂಗುತ್ತ ಹೇಳಿದಾಗ ಪರಪ್ಪನಿಗೆ ಕಳೆದುಹೋದ ಅಣ್ಣ ಸಿಕ್ಕಷ್ಟು ಸಂತೋಷವಾಯಿತು. ಆದರೆ ಈ ಅಣ್ಣ ದಿನಾ ಬಸದಿಗೆ ಹೋಗಿ ಕೈ ಮುಗಿಯುವವ. ಏನನ್ನೂ ಮಾಡದ, ಏನನ್ನೂ ಕೊಡದ ದೇವರಿಗೆ ಕೈ ಯಾಕೆ ಮುಗಿಯುತ್ತೀ ಎಂದು ಪರಪ್ಪ ಕೆಣಕಿದ.

“ಕೊಡ್ತಾನಂತ ಕೈ ಮುಗದ್ರ ಅದು ಯಾಪಾರ ಆತು,” ಎಂದ ಆದಿನಾಥ. “ಯಾಪಾರ ನಾ ಅಂಗಡ್ಯಾಗ ಮಾಡತೇನಿ.”

ಆ ವಾರ ಪರಪ್ಪ ಉಪ್ಪು ತರಲಿಕ್ಕೂ ಆ ಅಂಗಡಿ ಬಿಟ್ಟು ಮೂಡಲಗಿಗೆ ನಡೆದ.

ಇದೆಲ್ಲ ಬರೀ ಮಾತಿನ ಆಟವಾಗಿತ್ತು, ಯಮನವ್ವನ ಬಾವಿಯ ಪ್ರಶ್ನೆ ಬರುವ ತನಕ. ಪಕ್ಕದ ಹೊಲದ ಯಮನವ್ವ ವಿಧವೆ. ಅವಳ ಗಂಡನೂ ಅವನ ಅಣ್ಣ ಸೋಮಪ್ಪನೂ ಬೇರೆಯಾದಾಗ, ಹೊಲದ ಬಾವಿಯಲ್ಲಿ ಇಬ್ಬರಿಗೂ ಅರ್ಧ ಅರ್ಧ ನೀರು ಎಂದು ಬಾಯಿಮಾತಿನಲ್ಲೇ ತೀರ್ಮಾನವಾಗಿತ್ತು. ಆ ಮಾತು ಕೇಳಿದ ಹಿರಿಯರೂ ಅವಳ ಗಂಡನೂ ಊರಿಗೆ ಬಂದ ಜ್ವರದ ಗಾಳಿಗೆ ಹೋಗಿಬಿಟ್ಟರು. ಉಳಿದ ಸಾಕ್ಷಿ ಪರಪ್ಪ ಒಬ್ಬನೇ. ಸೋಮಪ್ಪನಂತೂ ಭಾರಿ ಭಕ್ತ, ಎಮ್ಮೆ ಮಾರುವಾಗಲೂ ದ್ಯಾಮವ್ವನ ಮೇಲೆ ಆಣೆ ಮಾಡುವವ. ಅವನು ಈಗ ಬಾವಿ ಪೂರ್ತಿ ತನ್ನದೇ ಎಂದು ನೀರೆಳೆಯಲು ಬಂದ ತಮ್ಮನ ಹೆಂಡತಿಯ ಎತ್ತುಗಳನ್ನು ಬಾವಿಯಿಂದ ಹೊಡೆದಟ್ಟಿದ. ನೀರು ತಪ್ಪಿದರೆ ಅವಳು ಹೊಲ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಗೋಕಾಕಕ್ಕೆ ಗಿರಣಿ ಕೂಲಿಗೆ ಹೋಗಬೇಕಿತ್ತು.

ಪಂಚರು ದ್ಯಾಮವ್ವನ ಗುಡಿಯ ಕಟ್ಟೆಯ ಮೇಲೆ ಕೂಡಿದರು. ಸಾಕ್ಷಿ ಹೇಳುವವನು ಭಂಡಾರ, ಅಂದರೆ ದೇವಿಯ ಅರಿಷಿಣ ಮುಟ್ಟಿ ಹೇಳಬೇಕು ಎಂಬುದು ರೂಢಿ. ಪರಪ್ಪ ಬಟ್ಟಲಿಗೆ ಕೈ ಚಾಚಿದ. ಸೋಮಪ್ಪ ತಡೆದ.

“ಇವಗ ದೇವ್ರ ಅಂಜಿಕಿನ ಇಲ್ಲ. ಇವ ಮುಟ್ಟಿದ್ರ ಅದು ಬರೇ ಅರಿಷಿಣ ಪುಡಿ.”

ಪರಪ್ಪನಿಗೆ ಮೊದಲು ಹಿಗ್ಗೇ ಆಯಿತು. ಇಷ್ಟು ವರ್ಷ ತಾನು ಗಂಟಲು ಹರಿದುಕೊಂಡು ಹೇಳಿದ್ದನ್ನು ಕಡೆಗೂ ಒಬ್ಬ ಒಪ್ಪಿದ್ದ, ಅದೂ ಗುಡಿಯ ಕಟ್ಟೆಯ ಮೇಲೆ. ಆಮೇಲೆ ಯಮನವ್ವನ ಮುಖ ಕಂಡಿತು. ವಾದದಲ್ಲಿ ಗೆದ್ದದ್ದು ಅವನು, ನೀರು ಕಳೆದುಕೊಳ್ಳುವವಳು ಅವಳು. ಅವನಿಗೆ ನಾಚಿಕೆಯಾಯಿತು.

ಹಿರಿಯ ಪಂಚ ವೀರಪ್ಪ ಒಂದು ದಾರಿ ತೋರಿಸಿದ. ದೇವರಿದ್ದಾನೆ ಎಂದು ಒಂದು ಮಾತು ಹೇಳಿ ಮುಟ್ಟಿಬಿಡು, ಕೆಲಸ ಮುಗಿಯಿತು ಎಂದ. ಪರಪ್ಪ ತಲೆ ಕೆರೆದುಕೊಂಡ. ಖರೆ ಮಾತನ್ನು ನಂಬಿಸಬೇಕಾದರೆ ಮೊದಲು ಒಂದು ಸುಳ್ಳು ಹೇಳಬೇಕಂತೆ. ದೇವರಿದ್ದಿದ್ದರೂ ಆ ದೇವರ ತಲೆಗೂ ಇಂಥ ಉಪಾಯ ಹೊಳೆಯುತ್ತಿರಲಿಲ್ಲ ಎನಿಸಿತು. ಆದರೂ ಯಮನವ್ವನಿಗಾಗಿ ಹೇಳಿಯೇ ಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಹೆಂಗಸರ ನಡುವಿನಿಂದ ಕಾಶೆವ್ವ ಎದ್ದು ಬಂದಳು.

“ಅವರ ಕಡಿಂದ ಸುಳ್ಳ ಹೇಳಸಬ್ಯಾಡ್ರಿ,” ಎಂದಳು ಪಂಚರಿಗೆ. “ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳಲಿ. ಸುಳ್ಳಾದ್ರ ನಾ ಸಾಯಲಿ.”

ತಲೆ ಮುಟ್ಟಿದರೆ ಏನೂ ಆಗುವುದಿಲ್ಲ ಎಂಬುದನ್ನು ಪರಪ್ಪನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೇಲಾಗಿ ಅವನು ಹೇಳಬೇಕಾದದ್ದು ಖರೆಯೇ. ಆದರೂ ಕೈ ಅರ್ಧಕ್ಕೆ ನಿಂತಿತು. ಅಂದು ತಾನು ಸರಿಯಾಗಿ ಕೇಳಿಸಿಕೊಂಡಿದ್ದೆನೇ? ಅರ್ಧ ಎಂದಿದ್ದರೋ, ಇನ್ನೇನಾದರೂ ಎಂದಿದ್ದರೋ? ಬಾವಿಯ ಬದಿಯ ಬೇವು, ಅಲ್ಲಿ ಕೂತವರು, ಸತ್ತವನ ದನಿ, ಎಲ್ಲವನ್ನೂ ಮತ್ತೆ ನೆನಪಿಗೆ ತಂದುಕೊಂಡ. ಕೈ ಗಡಗಡ ನಡುಗುತ್ತಿತ್ತು. ಕಡೆಗೆ ಅದನ್ನು ಹೆಂಡತಿಯ ತಲೆಯ ಮೇಲಿಟ್ಟು, ಅರ್ಧ ನೀರು ಯಮನವ್ವನದು ಎಂದ.

ಕೈ ನಡುಗಿದ್ದೇ ಸುಳ್ಳಿನ ಗುರುತು ಎಂದು ಸೋಮಪ್ಪ ಎದ್ದುನಿಂತ. ಬೇಕಾದರೆ ತಾನು ಈಗಲೇ ಭಂಡಾರ ಮುಟ್ಟುತ್ತೇನೆ ಎಂದ. ವೀರಪ್ಪ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡ.

“ನೀ ಭಾಳ ಸಲ ಮುಟ್ಟಿದಿ, ಸೋಮಪ್ಪ. ನಿನ್ನ ಕೈ ನಡುಗಿದ್ದ ನಾ ಒಮ್ಮೆರೆ ನೋಡಿಲ್ಲ. ನೀರು ಅಕೀಗೆ ಬಿಡು.”

ಮರುದಿನ ಯಮನವ್ವನ ಎತ್ತುಗಳು ಬಾವಿಗೆ ಬಂದವು. ಪರಪ್ಪನ ಕೈ ನಡುಗಿದ ಸುದ್ದಿ ಅವಕ್ಕಿಂತ ಮೊದಲೇ ಹುಕ್ಕೇರಿಯ ತನಕ ಮುಟ್ಟಿತ್ತು. ಅದು ತಂಬಾಕಿನ ಚಟದಿಂದ ಬಂದ ನಡುಕ ಎಂದು ಅವನು ಹೇಳಿಕೊಂಡು ತಿರುಗಿದ. ಆದಿನಾಥ ಹೂಂ ಎಂದು ಬೆಲ್ಲ ತೂಗಿದ.

ಮನೆಯಲ್ಲಿ ಅವನಿಗೆ ತಡೆಯಲಾಗಲಿಲ್ಲ. ತಾನು ಅಂದು ತಪ್ಪು ಕೇಳಿಸಿಕೊಂಡಿದ್ದರೆ ಏನು ಗತಿ, ಅಂಥ ಮಾತು ಆಡಬಹುದೇ ಎಂದು ಹೆಂಡತಿಯ ಮೇಲೆ ರೇಗಿದ. ಕಾಶೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಏನ ಆಗತಿತ್ರಿ? ದೇವ್ರ ಇಲ್ಲಂತ ನೀವ ಹೇಳತೀರಲ್ಲ.”

ಪರಪ್ಪ ಹೊರಗೆ ಹೋಗಿ ಕರಡಿಗೆಯ ಸುಣ್ಣ ಕೆರೆದು, ಬೂದಿ ಹಚ್ಚಿ ತಿಕ್ಕಿ ತೊಳೆದು ತಂದು ಅವಳ ಮುಂದಿಟ್ಟ. ಸುಣ್ಣಕ್ಕೆ ತಗಡಿನ ಡಬ್ಬಿ ಬಂತು. ದೇವರಿಲ್ಲ ಎಂದು ಅವನು ಸಾಯುವ ತನಕ ಹೇಳಿದ. ಕಾಶೆವ್ವ ಹತ್ತಿರವಿದ್ದರೆ ಮಾತ್ರ ಸ್ವಲ್ಪ ಸಣ್ಣ ದನಿಯಲ್ಲಿ ಹೇಳುತ್ತಿದ್ದ.