ಅಂತಾಲ್ಯದಲ್ಲಿ ನಾನು ನೋಡಿದ್ದು

ನೀರಿನ ವಿಷಯದಲ್ಲಿ ನಾನು ಶುದ್ಧ ಹೇಡಿ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಮೈಸೂರಿನ ಕೃಷ್ಣಮೂರ್ತಿಪುರದಲ್ಲಿ ಬೆಳೆದವನಿಗೆ ನೀರು ಎಂದರೆ ನಲ್ಲಿಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ತಲೆಗೆ. ಅಷ್ಟೇ ನಮ್ಮಿಬ್ಬರ ಪರಿಚಯ. ಆಮೇಲೆ ಕೆಲಸ ಸಿಕ್ಕಿದ್ದು ಗಲ್ಫಿನ ರುವೈಸ್ ಎಂಬ ಊರಿನ ರಿಫೈನರಿಯಲ್ಲಿ, ಅದೂ ಸಮುದ್ರದ ದಂಡೆಯ ಮೇಲೆ. ಹದಿನಾರು ವರ್ಷ ಅದರ ಪಕ್ಕದಲ್ಲೇ ಬದುಕಿದರೂ ಮೊಣಕಾಲಿನಿಂದ ಮೇಲೆ ಆ ಸಮುದ್ರ ನನ್ನನ್ನು ಮುಟ್ಟಲು ನಾನು ಬಿಟ್ಟಿರಲಿಲ್ಲ. ಪ್ಯಾಂಟು ಮಡಚಿ ನಿಲ್ಲುವುದು, ಅಲೆ ಬಂದಾಗ ಎರಡು ಹೆಜ್ಜೆ ಹಿಂದೆ ಸರಿಯುವುದು, ‘ಆಹಾ, ಎಂಥ ಗಾಳಿ’ ಎನ್ನುವುದು. ಗೌರವಸ್ಥರ ಸಮುದ್ರಸ್ನಾನ ಅಂದರೆ ಇದು.

ಇಂಥವನು ರಜೆಗೆ ತುರ್ಕಿಯ ಕಡಲೂರಿಗೆ ಹೊರಟದ್ದು ನಮ್ಮ ಕಂಟ್ರೋಲ್ ರೂಮಿನ ತುರ್ಕಿ ಸಹೋದ್ಯೋಗಿಯೊಬ್ಬನ ಮಾತು ಕೇಳಿ. “ಅಂತಾಲ್ಯಕ್ಕೆ ಹೋಗು, ಎರಡು ಸಾವಿರ ವರ್ಷದ ಕಲ್ಲು ಇದೆ” ಎಂದ. ಅವನು ಸಮುದ್ರದ ಸುದ್ದಿಯನ್ನೇ ಎತ್ತಲಿಲ್ಲ. ನಾನು ಹಳೆಯ ಕಲ್ಲು ಎಂದರೆ ಪ್ರಾಣ ಬಿಡುವವನು. ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಅವರು ‘ಇಟಾಲಿಯ’ ಎಂದು ಕೇಳಿಸಿಕೊಂಡು, ಅಕ್ಕಪಕ್ಕದವರಿಗೆಲ್ಲ ಮಗ ಇಟಲಿಗೆ ಹೋಗುತ್ತಾನೆ ಎಂದು ಹಂಚಿಬಿಟ್ಟರು. ಮರಳಿ ತಿದ್ದುವ ಧೈರ್ಯ ನನಗೆ ಈಗಲೂ ಬಂದಿಲ್ಲ.

ಹೋದವರು ಮೂವರು: ನಾನು, ನನ್ನ ಹೆಂಡತಿ ಸುಮನಾ, ಹದಿನಾಲ್ಕು ವರ್ಷದ ಮಗಳು ಚೈತ್ರಾ. ಸುಮನಾ ಕುಂದಾಪುರದ ಕಡೆಯವಳು. ಮಾತು ಕಡಿಮೆ. ನಾನು ಮಾತಾಡುವುದು ಹೆಚ್ಚಾದದ್ದರಿಂದ ಅವಳದ್ದು ಕಡಿಮೆಯಾಯಿತೋ, ಅವಳದ್ದು ಕಡಿಮೆಯಾದದ್ದರಿಂದ ನನ್ನದು ಹೆಚ್ಚಾಯಿತೋ ಎನ್ನುವುದು ನಮ್ಮ ಮನೆಯಲ್ಲಿ ತೀರ್ಮಾನವಾಗದ ಪ್ರಶ್ನೆ.

ಮೊದಲ ಎರಡು ದಿನ ಕಲ್ಲುಗಳದ್ದು. ರೋಮನ್ ಚಕ್ರವರ್ತಿಯೊಬ್ಬ ಬಂದನೆಂದು ಕಟ್ಟಿಸಿದ ಮೂರು ಕಮಾನಿನ ಹೆಬ್ಬಾಗಿಲು ನೋಡಿದೆವು. ಅದರ ನೆಲದ ಕಲ್ಲಿನಲ್ಲಿ ಗಾಡಿಚಕ್ರಗಳು ಸವೆಸಿದ ಗೀರುಗಳಿವೆ. ನಾನು ಮಂಡಿಯೂರಿ ಆ ಗೀರಿನಲ್ಲಿ ಬೆರಳಾಡಿಸಿ, ಚಕ್ರವರ್ತಿಯ ಕಾಲದ ಸಾರಿಗೆ ವ್ಯವಸ್ಥೆಯ ಬಗ್ಗೆ ಹೆಂಡತಿ ಮಗಳಿಗೆ ಒಂದು ಪಾಠ ಮಾಡಿದೆ. ಎದ್ದು ನೋಡಿದರೆ ಇಬ್ಬರೂ ಆಚೆ ಬದಿಯಲ್ಲಿ ದಾಳಿಂಬೆ ರಸ ಕುಡಿಯುತ್ತಿದ್ದರು. ನನ್ನ ಪಾಠ ಕೇಳಿದ್ದು ಒಂದು ಬೆಕ್ಕು ಮಾತ್ರ.

ಊರಾಚೆಯ ಆಸ್ಪೆಂಡೋಸ್ ಎಂಬಲ್ಲಿ ಬಯಲು ರಂಗಮಂದಿರವಿದೆ. ಕೆಳಗೆ ನಿಂತವರು ಮೆಲ್ಲಗೆ ಮಾತಾಡಿದರೂ ಮೇಲಿನ ಸಾಲಿಗೆ ಕೇಳುತ್ತದಂತೆ. ಪರೀಕ್ಷಿಸಲು ನಾನು ತುದಿಯ ಮೆಟ್ಟಿಲಿಗೆ ಹತ್ತಿ ಕುಳಿತೆ. ಕೆಳಗಿನಿಂದ ಚೈತ್ರಾ ಅಮ್ಮನಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: “ಅಮ್ಮಾ, ಕ್ಯಾನ್ ವೀ ಗೋ ಟು ದ ಬೀಚ್ ಬಿಫೋರ್ ಹೀ ಕಮ್ಸ್ ಡೌನ್?” ರೋಮನ್ನರು ಕಟ್ಟಿದ್ದು ನಿಜಕ್ಕೂ ಗಟ್ಟಿ.

ಅಲ್ಲಿನ ಭಾಷೆ ನನಗೆ ಇನ್ನೊಂದು ಪ್ರೇಕ್ಷಣೀಯ ಸ್ಥಳವಾಯಿತು. ನಮ್ಮ ಕಾಗದ ಅಲ್ಲಿಯೂ ಹೆಚ್ಚುಕಮ್ಮಿ ಕಾಗದವೇ. ಸಾಬೂನು, ಹವಾ, ದುನಿಯಾ, ಮೈದಾನ ಎಲ್ಲ ನೆಂಟರ ಮುಖದಂತೆ ಗುರುತು ಸಿಗುತ್ತವೆ. ಆದರೆ ಹಾಳು ಗೋಡೆಗಳ ಹತ್ತಿರವೆಲ್ಲ ‘ದಿಕ್ಕತ್’ ಎಂದು ಕೆಂಪಕ್ಷರದ ಬೋರ್ಡು. ಗಲ್ಫಿನಲ್ಲಿ ಹಿಂದಿ ಕಲಿತ ನನಗೆ ದಿಕ್ಕತ್ ಎಂದರೆ ತೊಂದರೆ. ಈ ದೇಶಕ್ಕೆ ಇಷ್ಟೊಂದು ತೊಂದರೆಯೇ, ಅದನ್ನು ಹೀಗೆ ಬರೆದು ಹಾಕಿಕೊಳ್ಳುವುದೇ ಎಂದು ಮರುಗಿದೆ. ಆಮೇಲೆ ತಿಳಿಯಿತು, ಅವರಲ್ಲಿ ಆ ಮಾತಿಗೆ ‘ಎಚ್ಚರಿಕೆ’ ಎಂದು ಅರ್ಥ.

ಮೂರನೆಯ ದಿನ ಮಗಳ ಹಠ ಗೆದ್ದು, ಹಳೆಯ ಬಂದರಿನಿಂದ ಮರದ ದೋಣಿಯೊಂದನ್ನು ಹತ್ತಿದೆವು. ನಡೆಸುವವನು ಹಸನ್ ಎಂಬ ಬಿಳಿ ಮೀಸೆಯ ಕ್ಯಾಪ್ಟನ್. ಹತ್ತಿದ ಕೂಡಲೇ ನಾನು ಲೈಫ್ ಜಾಕೆಟ್ ಕೇಳಿ ತೊಟ್ಟುಕೊಂಡೆ. ಉಳಿದ ಇಪ್ಪತ್ತು ಮಂದಿ ಯಾರೂ ತೊಟ್ಟಿರಲಿಲ್ಲ. ದೋಣಿ ಬಂಡೆಗೋಡೆಯ ಗುಂಟ ಸಾಗಿತು. ಮೇಲೆ ಊರು, ಹಿಂದೆ ನೀಲಿ ಬೆಟ್ಟಗಳು, ಮುಂದೆ ಒಂದು ಇಡೀ ನದಿ ಬಂಡೆಯ ತುದಿಯಿಂದ ನೇರ ಸಮುದ್ರಕ್ಕೇ ಧುಮುಕುವ ಜಲಪಾತ.

ಜಲಪಾತ ದಾಟಿ ಸ್ವಲ್ಪ ದೂರದ ಕೊಲ್ಲಿಯೊಂದರಲ್ಲಿ ಕ್ಯಾಪ್ಟನ್ ಲಂಗರು ಹಾಕಿ, ಕೈ ತಟ್ಟಿ “ಹಾದಿ, ಹಾದಿ” ಎಂದ. ನಾನು ಹಾದಿ ಎಲ್ಲಿದೆ ಎಂದು ಸುತ್ತ ನೋಡಿದೆ. ನಮ್ಮ ಗಲ್ಫಿನ ‘ಯಲ್ಲಾ’ಕ್ಕೆ ಅವರು ಹಾಗೆನ್ನುತ್ತಾರೆ. ಹೊರಡಿ, ನೀರಿಗಿಳಿಯಿರಿ ಎಂದು ಅರ್ಥ. ಜನ ಪಟಪಟನೆ ಹಾರತೊಡಗಿದರು. ಶಾಲೆಯಲ್ಲಿ ಈಜು ಕಲಿತಿದ್ದ ಚೈತ್ರಾ ಏಣಿಯಿಂದ ಇಳಿದಳು.

ಆಗ ಸುಮನಾ ನನ್ನ ಕೈಗೆ ಕನ್ನಡಕ ಕೊಟ್ಟಳು. ಬಳೆ ಬಿಚ್ಚಿ ಅದನ್ನೂ ಕೊಟ್ಟಳು. ದುಪಟ್ಟಾವನ್ನು ಸೊಂಟಕ್ಕೆ ಬಿಗಿಯಾಗಿ ಸುತ್ತಿದಳು.

“ಏನು ಮಾಡ್ತಾ ಇದ್ದೀಯ?” ಎಂದೆ.

“ಒಂದು ನಿಮಿಷ ಮಾರಾಯ್ರೆ” ಎಂದಳು. ಕಟಾಂಜನದ ಮೇಲೆ ಕಾಲಿಟ್ಟು ಹಾರಿಬಿಟ್ಟಳು.

ನೀರು ಮುಚ್ಚಿಕೊಂಡಿತು, ಮೇಲೆ ನೊರೆ ಮಾತ್ರ. ನಾನು “ಹೆಲ್ಪ್” ಎಂದು ಕೂಗಿದೆನಂತೆ; ಕೂಗಿದ್ದು ನನಗೆ ನೆನಪಿಲ್ಲ. ಕ್ಯಾಪ್ಟನ್ ಹಸನ್ ನನ್ನ ಭುಜ ತಟ್ಟಿ ದೂರಕ್ಕೆ ಕೈ ತೋರಿಸಿದ. ಹಾರಿದ ಜಾಗದಿಂದ ಹದಿನೈದು ಮಾರು ಆಚೆ ಒಂದು ತಲೆ ಮೇಲೆ ಬಂತು. ಕೂದಲನ್ನು ಹಿಂದಕ್ಕೆ ತಳ್ಳಿ, ಮುಖ ಒರೆಸಿಕೊಂಡು, ಆ ತಲೆ ನಕ್ಕಿತು. ಮತ್ತೆ ತೋಳು ಚಾಚಿ ಚಾಚಿ ಹೋಗುತ್ತಲೇ ಇತ್ತು. ಆತುರವಿಲ್ಲ, ಸದ್ದಿಲ್ಲ. “ಓ ಮೈ ಗಾಡ್! ಅಪ್ಪಾ, ಅಮ್ಮ ಕ್ಯಾನ್ ಸ್ವಿಮ್!” ಎಂದು ಚೈತ್ರಾ ಕಿರುಚಿದಳು. ಮದುವೆಯಾಗಿ ಹದಿನೈದು ವರ್ಷವಾದ ಗಂಡನಿಗೂ ಹೆತ್ತ ಮಗಳಿಗೂ ಈ ಸುದ್ದಿ ಒಂದೇ ಕ್ಷಣದಲ್ಲಿ ಮುಟ್ಟಿತು.

ದೋಣಿಯ ಮೇಲೆ ಉಳಿದವರು ಕ್ಯಾಪ್ಟನ್, ನಾನು, ಒಂದು ರಾಶಿ ಚಪ್ಪಲಿ. ನನಗೇನೋ ನಾಚಿಕೆಯಾಯಿತು. ಕನ್ನಡಕ, ಬಳೆಗಳನ್ನು ಕ್ಯಾಪ್ಟನ್ನನಿಗೆ ಒಪ್ಪಿಸಿ, ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಎರಡೆರಡು ಸಲ ಎಳೆದು ನೋಡಿ ಏಣಿ ಇಳಿದೆ. ಸೊಂಟದವರೆಗೆ ಧೈರ್ಯವಿತ್ತು. ಕೊನೆಯ ಮೆಟ್ಟಿಲಿನಲ್ಲಿ ಪಾಚಿಯಿತ್ತು. ಕಾಲು ಜಾರಿತು.

ಜಾಕೆಟ್ ಮುಳುಗಲು ಬಿಡಲಿಲ್ಲ, ನಿಜ. ಆದರೆ ಸೆಳೆತ ನನ್ನನ್ನು ದೋಣಿಯಿಂದ ಬಂಡೆಗಳ ಕಡೆಗೆ ಒಯ್ಯತೊಡಗಿತು. ನಾನು ಕೈಕಾಲು ಬಡಿದೆ, ಬಡಿದಷ್ಟೂ ಉಪ್ಪುನೀರು ಬಾಯಿಗೆ ನುಗ್ಗಿತು. ಏನು ಹೇಳಲಿ, ಆ ಹೊತ್ತಿನಲ್ಲಿ ನಾನು ಸತ್ತೇ ಹೋದೆ ಎಂದುಕೊಂಡೆ. ಅಮ್ಮ ಅಕ್ಕಪಕ್ಕದವರಿಗೆ ‘ಇಟಲಿಯಲ್ಲಿ ಹೋದ’ ಎಂದು ಹೇಳುವುದು ಕೂಡ ಕಣ್ಣಮುಂದೆ ಬಂತು.

ಹಿಂದಿನಿಂದ ಯಾರೋ ಜಾಕೆಟ್ಟಿನ ಕೊರಳಪಟ್ಟಿ ಹಿಡಿದರು. “ಕೈ ಬಡಿಬೇಡಿ” ಎಂದಿತು ಸುಮನಾಳ ದನಿ. ಮನೆಯಲ್ಲಿ ಎಂದೂ ಕೇಳದ ದನಿ ಅದು, ಶಿಫ್ಟ್ ಸೂಪರ್‌ವೈಸರನದ್ದು. “ಮಲಗಿ. ಹಿಂದಕ್ಕೆ ಮಲಗಿ. ಆಕಾಶ ನೋಡಿ. ನಾನು ಹಿಡ್ಕೊಂಡಿದ್ದೇನೆ.”

ಮಲಗಿದೆ. ಅವಳು ಒಂದು ಕೈಯಲ್ಲಿ ನನ್ನನ್ನು ಎಳೆಯುತ್ತ, ಇನ್ನೊಂದರಲ್ಲಿ ಈಜುತ್ತ ದೋಣಿಯ ಕಡೆ ಹೊರಟಳು. ಉಸಿರು ಮರಳಿದ ಮೇಲೆ ಕೇಳಿದೆ, “ಯಾವಾಗ ಕಲಿತದ್ದು?”

“ಆರನೇ ವರ್ಷಕ್ಕೆ. ಮನೆ ಹಿಂದೆಯೇ ಹೊಳೆ ಅಲ್ವಾ. ಮದುವೆ ಹಿಂದಿನ ವಾರದವರೆಗೂ ದಾಟ್ತಿದ್ದೆ.”

“ನನಗೆ ಹೇಳಲೇ ಇಲ್ಲ.”

“ನೋಡ್ಲಿಕ್ಕೆ ಬಂದಾಗ ನೀವು ಅಡುಗೆ ಬರ್ತದಾ, ಹಾಡು ಬರ್ತದಾ ಅಂತ ಕೇಳಿದ್ರಿ. ಈಜು ಕೇಳಲಿಲ್ಲ.”

“ಮತ್ತೆ ರುವೈಸ್ ಕ್ಲಬ್ಬಿನಲ್ಲಿ ಪೂಲ್ ಇತ್ತಲ್ಲ? ಹೆಂಗಸರಿಗೇ ಬೇರೆ ಹೊತ್ತು ಕೊಡ್ತಾರಲ್ಲ?”

ಅವಳು ಕೊರಳಪಟ್ಟಿಯ ಹಿಡಿತ ಬದಲಿಸಿಕೊಂಡಳು. “ಹೋದ ಹೊಸತರಲ್ಲಿ ಕೇಳಿದ್ದೆ. ‘ಅಲ್ಲಿಗೆಲ್ಲ ನಮ್ಮಂಥವರು ಹೋಗೋದಿಲ್ಲ’ ಅಂದ್ರಿ.”

ಅಂದಿದ್ದೆನೇ? ಮೈಸೂರಿನಿಂದ ತಂದ ನನ್ನ ಮರ್ಯಾದೆಯ ಗಂಟಿನಲ್ಲಿ ಅಂಥ ಮಾತುಗಳು ಬಹಳ ಇದ್ದವು. ಅಂದಿರಲೇಬೇಕು. ಚಾ ಕುಡಿಯುತ್ತ, ಪತ್ರಿಕೆಯಿಂದ ತಲೆಯೆತ್ತದೆ ಅಂದಿರಬೇಕು. ನಾನು ಮರೆತ ಆ ಒಂದು ವಾಕ್ಯದಿಂದಾಗಿ ಅವಳು ಹದಿನೈದು ವರ್ಷ ಒಣನೆಲದ ಮೇಲೆ ಇದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ದೋಣಿಗೆ ಹತ್ತಿಸಿದ ಮೇಲೆ ಕ್ಯಾಪ್ಟನ್ ಹಸನ್ ನನಗೆ ಟವೆಲ್ಲು ಹೊದಿಸಿ, ಸಣ್ಣ ಗಾಜಿನ ಲೋಟದಲ್ಲಿ ಚಾ ಕೊಟ್ಟ. ಸುಮನಾಳಿಗೆ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ನಾನು, “ತಪ್ಪಾಯಿತು ಕಣೇ” ಎಂದೆ. ಅವಳು ಒದ್ದೆ ಕೂದಲು ಹಿಂಡುತ್ತ, “ಹೋಗ್ಲಿ ಬಿಡಿ. ಚಾ ಆರ್ತದೆ” ಎಂದಳು. ಒಂದು ಗುಟುಕು ಕುಡಿದ ಮೇಲೆ ಮೆಲ್ಲಗೆ ಕೇಳಿದಳು: “ನಾಳೆ ಮ್ಯೂಸಿಯಂ ಬದಲು ಇಲ್ಲಿಗೇ ಬರುವಾ?”

ಮರುದಿನವೂ ಬಂದೆವು, ಅದರ ಮರುದಿನವೂ. ಮ್ಯೂಸಿಯಮ್ಮಿನ ಅಮೃತಶಿಲೆಯ ದೇವತೆಗಳೆಲ್ಲ ಹಾಗೇ ಉಳಿದರು. ನಾನು ಕಟಾಂಜನಕ್ಕೊರಗಿ ನನ್ನ ಹೆಂಡತಿ ನೀಲಿ ನೀರನ್ನು ಸೀಳಿಕೊಂಡು ಹೋಗುವುದನ್ನು ನೋಡುತ್ತ ಕುಳಿತೆ. ಪಕ್ಕದ ಜರ್ಮನ್ ಮುದುಕಿ ‘ಯುವರ್ ವೈಫ್?’ ಎಂದು ಕೇಳಿದಾಗ ಹೌದೆಂದೆ. ಅಷ್ಟು ಜಂಬದಿಂದ ನಾನು ಯಾವ ಪ್ರಶ್ನೆಗೂ ಉತ್ತರ ಕೊಟ್ಟವನಲ್ಲ.

ರುವೈಸ್‌ಗೆ ಮರಳಿದ ವಾರವೇ ಅವಳ ಹೆಸರು ಕ್ಲಬ್ಬಿನ ಪೂಲಿನ ರಿಜಿಸ್ಟರಿಗೆ ಬಿತ್ತು. ಮೊದಲು ಒಬ್ಬಳೇ ಹೋದಳು. ಪಕ್ಕದ ಮನೆಯ ಮಲಯಾಳಿ ನರ್ಸ್ ‘ನನಗೂ ಕಲಿಸಿ’ ಎಂದಳು, ಅವಳ ಹಿಂದೆ ಇನ್ನಿಬ್ಬರು. ಈಗ ವಾರಕ್ಕೆ ಮೂರು ಬೆಳಿಗ್ಗೆ ಏಳೆಂಟು ಜನರ ತರಗತಿ. ಅವಳ ಮಾತೂ ಎಷ್ಟು ಹೆಚ್ಚಾಗಿದೆಯೆಂದರೆ, ಊಟದ ಹೊತ್ತಿನಲ್ಲಿ ನನಗೆ ಬಾಯಿ ಹಾಕಲು ಜಾಗ ಸಿಗುವುದಿಲ್ಲ. ಯಾರು ಉಸಿರು ಹಿಡಿಯಲು ಕಲಿತರು, ಯಾರು ಇನ್ನೂ ಗೋಡೆ ಬಿಟ್ಟಿಲ್ಲ ಎಂಬುದೆಲ್ಲ ನನಗೆ ಬಾಯಿಪಾಠ.

ಮೊನ್ನೆ ಶುಕ್ರವಾರ ಕರೆಗಂಟೆ ಸದ್ದಾಯಿತು. ಕಂಪನಿಯಲ್ಲಿ ನನಗಿಂತ ಮೂರು ಮೆಟ್ಟಿಲು ಮೇಲಿರುವ ನಮ್ಮ ಮ್ಯಾನೇಜರರ ಹೆಂಡತಿ, ಕೈಯಲ್ಲಿ ಹೊಸ ಈಜುಟೋಪಿ ಹಿಡಿದು ನಿಂತಿದ್ದರು. ನನ್ನನ್ನು ಗುರುತು ಹತ್ತದವರಂತೆ ಒಂದು ಕ್ಷಣ ನೋಡಿ, “ಟೀಚರ್ ಇದ್ದಾರಾ?” ಎಂದರು.

“ಇದ್ದಾರೆ, ಬನ್ನಿ, ಕೂತುಕೊಳ್ಳಿ” ಎಂದೆ. ಒಳಗೆ ಹೋಗಿ ಚಾಕ್ಕೆ ನೀರಿಟ್ಟೆ.